ಹಳೆಯ ರೂಪದ ಹೊಸ ಯಂತ್ರ

ಮನುಷ್ಯನು ಉಪಯೋಗಿಸುವ ಸಲಕರಣೆಗಳಲ್ಲಿ ಕೆಲವನ್ನು ಅವನು ಕೆಲಸ ತೀರಿದೊಡನೆ ಮರೆಯುತ್ತಾನೆ. ಕೆಲವು ಅವನ ಬಾಳಿನೊಡನೆ ಹೆಣೆದುಕೊಂಡು, ಕೈಬಿಟ್ಟುಹೋದ ಮೇಲೂ ಮನಸ್ಸನ್ನು ಬಿಡುವುದಿಲ್ಲ. ಬಾವಿಯ ಹಗ್ಗ ಹರಿದರೆ ಇನ್ನೊಂದು ಹಗ್ಗವನ್ನು ತರುತ್ತಾರೆ. ಹಳೆಯದಕ್ಕಾಗಿ ಯಾರೂ ಮರುಗುವುದಿಲ್ಲ. ಆದರೆ ಇಪ್ಪತ್ತು ವರ್ಷ ಏರಿ ತಿರುಗಿದ ಮೋಟಾರ್ ಸೈಕಲ್ಲನ್ನು ಮಾರಿದ ದಿನ ಊಟ ರುಚಿಸದ ಗೃಹಸ್ಥರು ಎಷ್ಟೋ ಮಂದಿ ಇದ್ದಾರೆ. ಅದರ ಮೇಲೆ ಮದುವೆಯ ಕಾಗದ ಹಂಚಿದ್ದುಂಟು, ಹೆರಿಗೆಗೆ ದಾದಿಯನ್ನು ಕರೆತಂದದ್ದುಂಟು, ಮಳೆಯ ರಾತ್ರಿಯಲ್ಲಿ ಊರಾಚೆ ಕೆಟ್ಟು ನಿಂತ ಅದನ್ನು ನೂಕಿಕೊಂಡು ಬಂದದ್ದೂ ಉಂಟು.

ಈಗ ಸುಮಾರು ಕಾಲು ಶತಮಾನದಿಂದ ಈ ವಾಹನದ ತಯಾರಕರು ಒಂದು ಹೊಸ ಪದ್ಧತಿಯನ್ನು ಹಿಡಿದಿದ್ದಾರೆ. ಒಳಗಿನ ಯಂತ್ರವೆಲ್ಲ ಇಂದಿನದು. ಹೊರಗಿನ ಆಕಾರ ಅಜ್ಜನ ಕಾಲದ್ದು. ದುಂಡನೆಯ ದೀಪ, ಕಣ್ಣೀರಿನ ಹನಿಯಂತಹ ಪೆಟ್ರೋಲ್ ಟ್ಯಾಂಕು, ಮೊಳಕಾಲಿನ ಬಳಿ ರಬ್ಬರಿನ ಪಟ್ಟೆ, ಬೆಳ್ಳಿಯಂತೆ ಹೊಳೆಯುವ ಸೈಲೆನ್ಸರು. ಇವನ್ನು ಕೊಳ್ಳುವವರಲ್ಲಿ ಹಳೆಯದನ್ನು ಕಂಡೇ ಇರದ ತರುಣರೂ ಇದ್ದಾರೆ. ಅವರ ವಿಚಾರ ಬೇರೆ. ವಿಚಿತ್ರವೆನಿಸುವುದು ಮೂವತ್ತು ನಲವತ್ತು ವರ್ಷ ಸವಾರಿ ಮಾಡಿ ನುರಿತವರು ಇದಕ್ಕೆ ಮನಸೋಲುವುದು. ಇದು ಹಳೆಯದಲ್ಲವೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ತಿಳಿದೂ ಒಲಿಯುವ ಈ ಒಲವು ಪ್ರಾಮಾಣಿಕವಾದುದೇ, ಅಥವಾ ತನ್ನನ್ನು ತಾನೇ ವಂಚಿಸಿಕೊಳ್ಳುವುದರ ಒಂದು ಸಭ್ಯವಾದ ರೀತಿಯೇ?

ಯೌವನದ ನೆನಪು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವವರುಂಟು. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ನುರಿತ ಸವಾರನ ಆಯ್ಕೆಯಲ್ಲಿ ಅನುಭವದ ತೀರ್ಪೂ ಒಂದು ಪಾಲು ಸೇರಿರುತ್ತದೆ. ಬೆನ್ನನ್ನು ನೆಟ್ಟಗಿಟ್ಟು ಕೂರುವ ಭಂಗಿಯಲ್ಲಿ ನೂರು ಮೈಲಿ ಹೋದರೂ ಸೊಂಟ ನೋಯದೆಂಬುದು, ಎಂಜಿನ್ನು ಚೀರದೆ ಮೆಲ್ಲನೆ ಎಳೆದರೆ ಘಟ್ಟ ಹತ್ತುವುದು ಸುಖವೆಂಬುದು, ಅತಿವೇಗದ ಉಪಯೋಗ ಬಾಳಿನಲ್ಲಿ ಬಹಳ ಸ್ವಲ್ಪವೆಂಬುದು, ಇವೆಲ್ಲ ಅವನು ರಸ್ತೆಯಲ್ಲಿ ಕಲಿತ ಪಾಠಗಳು. ಪಂದ್ಯದ ಕುದುರೆಯ ಮೇಲೆ ಬಾಗಿದಂತೆ ಬಾಗಿ ಕೂರಬೇಕಾದ ಹೊಸ ಮಾದರಿಗಳನ್ನು ಅವನು ಬೇಡವೆಂದರೆ ಅದನ್ನು ಮುಪ್ಪಿನ ಮೊಂಡುತನವೆಂದು ಕರೆಯಲಾಗದು. ಈ ಪಾಲಿಗೆ ಸಮರ್ಥನೆ ಬೇಕಿಲ್ಲ. ವಿಚಾರಕ್ಕೆ ಬರಬೇಕಾದದ್ದು ಉಳಿದ ಪಾಲು, ರೂಪದ ಮೇಲಣ ಮೋಹ.

ಇದಕ್ಕೆ ಮೈಸೂರಿನ ಜಾವಾಗಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಜಾವಾ ಎಂದು ಹೆಸರಿಟ್ಟನು. ಅದನ್ನು ಭಾರತದಲ್ಲಿ ತಯಾರಿಸುವ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಕೆಲಸ ಆರಂಭಿಸಿತು. 1973ರಿಂದ ವಾಹನಗಳಿಗೆ ಯೆಜ್ದಿ ಎಂಬ ಹೆಸರು ಬಂದಿತು. ಹಳೆಯ ಜಾವಾದಲ್ಲಿ ಗೇರು ಬದಲಿಸುವ ಹಿಡಿಯೇ ಕಿಕ್ಕೂ ಆಗಿದ್ದಿತು. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ತುಳಿದರೆ ಎಂಜಿನ್ನು ಎಚ್ಚರಗೊಳ್ಳುತ್ತಿತ್ತು. ತಿಳಿಯದವನು ಕಿಕ್ಕನ್ನು ಹುಡುಕುತ್ತ ವಾಹನದ ಸುತ್ತ ಪ್ರದಕ್ಷಿಣೆ ಹಾಕಬೇಕಾಗಿತ್ತು. ಸಿಲಿಂಡರು ಒಂದೇ, ಸೈಲೆನ್ಸರುಗಳು ಮಾತ್ರ ಎರಡು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕಾದ ಟೂ ಸ್ಟ್ರೋಕ್ ಎಂಜಿನ್ನಾದುದರಿಂದ ಹಿಂದೆ ನೀಲಿ ಹೊಗೆ, ಮುಂದೆ ಡುಬುಡುಬು ಎಂಬ ಸದ್ದು. ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದೊಡನೆ ಮನೆಯಾಕೆ ಕಾಫಿಗೆ ನೀರಿಡುತ್ತಿದ್ದಳು.

1996ರಲ್ಲಿ ಕಾರ್ಖಾನೆ ನಿಂತಿತು. ಕಾರಣಗಳು ಹಲವು, ಆದರೆ ಒಂದನ್ನು ಹೇಳದೆ ಬಿಡುವುದು ನ್ಯಾಯವಲ್ಲ. 1980ರ ದಶಕದಲ್ಲಿ ಜಪಾನೀ ಸಂಸ್ಥೆಗಳ ಸಹಯೋಗದಿಂದ ತಯಾರಾದ, ಹಗುರವಾದ, ಪೆಟ್ರೋಲು ಮಿತವಾಗಿ ಕುಡಿಯುವ 100 ಸಿ.ಸಿ. ವಾಹನಗಳು ಬಂದುವು. ಸಂಸಾರಸ್ಥರು ಲೆಕ್ಕ ಹಾಕಿ ಅವನ್ನು ಕೊಂಡರು. ಅದರಲ್ಲಿ ತಪ್ಪಿಲ್ಲ, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದವನು ನೀಲಿ ಹೊಗೆಯ ಸೊಬಗಿಗೆ ಹಣ ಸುಡಲಾರನು. ಆದರೂ ಜಾವಾಕ್ಕಾಗಿ ಇಂದು ಮರುಗುವವರಲ್ಲಿ ಅಂದು ಅದನ್ನು ಬಿಟ್ಟುಕೊಟ್ಟವರೂ ಇದ್ದಾರೆಂಬುದು ದಿಟ. ಬದುಕಿದ್ದಾಗ ಹೋಗಿ ನೋಡದ ಸೋದರತ್ತೆಯ ಶ್ರಾದ್ಧಕ್ಕೆ ಎರಡು ಭಕ್ಷ್ಯ ಹೆಚ್ಚಾಗಿ ಮಾಡಿಸುವವರುಂಟಲ್ಲವೆ? ಅವರ ದುಃಖ ನಟನೆಯಲ್ಲ. ಅದರಲ್ಲಿ ಋಣದ ಭಾವವೊಂದು ಕಲೆತಿರುತ್ತದೆ, ಅಷ್ಟೆ.

ಜಾವಾ ಎಂಬ ಹೆಸರು ಭಾರತದಲ್ಲಿ 2018ರ ನವೆಂಬರಿನಲ್ಲಿ ಮತ್ತೆ ಕಾಣಿಸಿತು. ಯೆಜ್ದಿ 2022ರ ಜನವರಿಯಲ್ಲಿ. ಹೊಸ ಜಾವಾ ದೂರದಿಂದ ನೋಡಿದರೆ ಹಳೆಯದೇ. ಆದರೆ 2018ರಲ್ಲಿ 293 ಸಿ.ಸಿ. ಇದ್ದ ಅದರ ಎಂಜಿನ್ನು ಫೋರ್ ಸ್ಟ್ರೋಕ್ ಜಾತಿಯದು, ಅದನ್ನು ತಂಪಾಗಿಡುವುದು ರೇಡಿಯೇಟರಿನ ನೀರು, ಗುಂಡಿ ಒತ್ತಿದರೆ ಹೊರಡುತ್ತದೆ, ಹೊಗೆಯಿಲ್ಲ. ಅದು ತಯಾರಾಗುವ ಊರು ಮಧ್ಯಪ್ರದೇಶದ ಪೀತಂಪುರ. ರೂಪ ಬಂದಿತು, ಹೆಸರು ಬಂದಿತು. ಯಾದವಗಿರಿಯ ಕಾರ್ಖಾನೆಯ ಸೀಟಿ ಮಾತ್ರ ಮತ್ತೆ ಕೂಗಲಿಲ್ಲ. ಯೆಜ್ದಿ ಎಂಬ ಹೆಸರು ಯಾರ ಸ್ವತ್ತೆಂಬುದು ಕರ್ನಾಟಕದ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಅದು ಮುಚ್ಚಿದ ಸಂಸ್ಥೆಯದೆಂದು ಏಕಸದಸ್ಯ ಪೀಠ 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿಯೂ ನಡೆಯಿತು.

ಹಾಗಾದರೆ ಹೊಸದನ್ನು ಕಂಡು ಹಳೆಯ ಸವಾರನು 'ಇದು ಅದೇ' ಎನ್ನುವುದರಲ್ಲಿ ಏನು ಅರ್ಥ? ಹಿಂದೆಲ್ಲೋ ಕಂಡ ದೇವದತ್ತನನ್ನು ಇನ್ನೊಂದು ಊರಿನಲ್ಲಿ ಕಂಡಾಗ 'ಆತನೇ ಈತ' ಎಂದು ಹುಟ್ಟುವ ಜ್ಞಾನವನ್ನು ಶಾಸ್ತ್ರಕಾರರು ಪ್ರತ್ಯಭಿಜ್ಞೆ ಎಂದು ಕರೆದರು. ಬೌದ್ಧರು ಇದಕ್ಕೆ ಆಕ್ಷೇಪವೆತ್ತಿ, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನೂ ಉಗುರನ್ನೂ ಜನ 'ಅದೇ' ಎಂದು ಕರೆಯುವರೆಂದೂ, ಅಲ್ಲಿರುವುದು ಹೋಲಿಕೆ ಮಾತ್ರವೆಂದೂ ವಾದಿಸಿದರು. ಮೋಟಾರ್ ಸೈಕಲ್ಲಿನ ಮಟ್ಟಿಗೆ ಬೌದ್ಧರ ಪಕ್ಷವೇ ಗೆಲ್ಲುವಂತೆ ತೋರುವುದು. ಬೆಳೆದ ಉಗುರಿಗಾದರೂ ಬೆರಳು ಹಳೆಯದು. ಇಲ್ಲಿ ಬೆರಳೂ ಬೇರೆ. ಪುರಿಯ ಜಗನ್ನಾಥನ ಮರದ ಮೂರ್ತಿಯನ್ನು 1996ರಲ್ಲಿಯೂ 2015ರಲ್ಲಿಯೂ ಹೊಸದಾಗಿ ಮಾಡಿದರು; ಆದರೆ ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಕತ್ತಲಲ್ಲಿ, ಕಣ್ಣು ಕಟ್ಟಿಕೊಂಡು ಹೊಸದಕ್ಕೆ ಸಾಗಿಸುವ ವಿಧಿ ಅಲ್ಲಿದೆ. ಯಾದವಗಿರಿಯಿಂದ ಪೀತಂಪುರಕ್ಕೆ ಅಂತಹದೇನೂ ಸಾಗಿದಂತೆ ಕಾಣುವುದಿಲ್ಲ.

ಇನ್ನು ವಂಚನೆಯ ಮಾತು. ಇದರಲ್ಲಿ ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆಯ ಬಾನ್ನೆವಿಲ್ ಬಹಳ ಕೌತುಕದ ಉದಾಹರಣೆ. 1959ರಲ್ಲಿ ಹುಟ್ಟಿದ ಆ ಮಾದರಿಯ ಮೆರಿಡನ್ ಕಾರ್ಖಾನೆ 1983ರಲ್ಲಿ ಮುಚ್ಚಿಹೋಯಿತು. ಹೆಸರನ್ನು ಕೊಂಡ ಹೊಸ ಒಡೆಯರು ಹಿಂಕ್ಲಿ ಎಂಬಲ್ಲಿ ಬೇರೆ ಕಾರ್ಖಾನೆ ಕಟ್ಟಿ, 2001ರ ಮಾದರಿಯಾಗಿ ಬಾನ್ನೆವಿಲ್ಲನ್ನು ಮರಳಿ ತಂದರು. ಕೆಲವು ವರ್ಷಗಳ ಮೇಲೆ ಹೊಗೆಯ ಕಟ್ಟಳೆಗಳು ಬಿಗಿಯಾಗಿ ಕಾರ್ಬುರೇಟರನ್ನು ತೆಗೆದುಹಾಕಬೇಕಾಯಿತು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಏರ್ಪಾಡು ಬಂದಿತು. ಆದರೆ ಆ ಹೊಸ ಏರ್ಪಾಡಿನ ಹೊರಮೈಯನ್ನು ಅವರು ಕಾರ್ಬುರೇಟರಿನಂತೆಯೇ ಎರಕ ಹೊಯ್ದರು! 2016ರ ಮಾದರಿಯ ಎಂಜಿನ್ನಿಗೆ ನೀರಿನ ತಂಪು ಬಂದಿತು; ಆದರೂ ಗಾಳಿಯಿಂದ ತಂಪಾಗುತ್ತಿದ್ದ ಕಾಲದ ಲೋಹದ ಪದರಗಳು ಸಿಲಿಂಡರಿನ ಮೇಲೆ ಉಳಿದುವು. ಹೊಸ ಜಾವಾದ ಮೈಮೇಲೂ ಅಂತಹ ಪದರಗಳೇ.

ಕೆಲಸವಿಲ್ಲದ ಅವಯವ ಸುಳ್ಳೆಂದು ಕಟುವಾಗಿ ಹೇಳುವವರಿದ್ದಾರೆ. ಅವರು ಅಜಂತದ ಹತ್ತೊಂಬತ್ತನೆಯ ಗುಹೆಯನ್ನು ನೋಡಬೇಕು. ಅದರ ಮೇಲ್ಛಾವಣಿಯಲ್ಲಿ ಶಿಲ್ಪಿಗಳು ಬಂಡೆಯನ್ನೇ ಮರದ ಕಮಾನಿನ ತೊಲೆಗಳಂತೆ ಕೆತ್ತಿದ್ದಾರೆ. ಆ ತೊಲೆಗಳು ಯಾವ ಭಾರವನ್ನೂ ಹೊತ್ತಿಲ್ಲ. ಅವಿಲ್ಲದಿದ್ದರೂ ಬೆಟ್ಟ ಕುಸಿಯುತ್ತಿರಲಿಲ್ಲ. ಹಿಂದೆ ಮರದಲ್ಲಿ ಕಟ್ಟುತ್ತಿದ್ದ ಚೈತ್ಯಗಳ ನೆನಪನ್ನು ಅವರು ಕಲ್ಲಿನಲ್ಲಿ ಉಳಿಸಿದರು. ಅದನ್ನು ಕಂಡು ಯಾರೂ ಮೋಸಹೋದೆನೆಂದು ದೂರಿದ್ದಿಲ್ಲ. ಸುಳ್ಳಾಗಬೇಕಾದರೆ ನಂಬಿ ಕೆಟ್ಟವನೊಬ್ಬನು ಬೇಕು. ಕಾರ್ಬುರೇಟರಿನ ವೇಷ ಹಾಕಿದ ಇಂಜೆಕ್ಷನ್ನನ್ನು ನುರಿತ ಸವಾರನು ನೋಡಿದ ಕ್ಷಣವೇ ಗುರುತಿಸಿ, ನಕ್ಕು, ಮೆಚ್ಚುತ್ತಾನೆ. ಯಕ್ಷಗಾನದಲ್ಲಿ ಭೀಮನ ವೇಷದವನು ಪಕ್ಕದ ಮನೆಯ ಶೀನಪ್ಪನೆಂದು ತಿಳಿದವನಿಗೂ ರಸ ಕೆಡುವುದಿಲ್ಲ.

ಆ ರೂಪ ಎಬ್ಬಿಸುವ ನೆನಪೂ ಸುಳ್ಳಲ್ಲ. ಕಾಳಿದಾಸನ ನಾಟಕದಲ್ಲಿ ಬೆಸ್ತನ ಕೈಗೆ ಸಿಕ್ಕ ಉಂಗುರವನ್ನು ಕಂಡು ದುಷ್ಯಂತನಿಗೆ ಶಕುಂತಲೆಯ ನೆನಪು ಮರಳಿತು. ಅದು ಅವನೇ ತೊಡಿಸಿದ ಉಂಗುರವಾಗದೆ, ಯಾವನೋ ಅಕ್ಕಸಾಲಿಗನು ಅಚ್ಚುಕಟ್ಟಾಗಿ ಮಾಡಿದ ಪ್ರತಿಯಾಗಿದ್ದು, ಅದರಿಂದಲೇ ನೆನಪು ಮರಳಿದ್ದರೆ ಆ ನೆನಪು ಹುಸಿಯೆನ್ನಬಹುದೇ? ಶಕುಂತಲೆ ನಿಜ, ಆಶ್ರಮ ನಿಜ, ಮರೆತ ಅಪರಾಧವೂ ನಿಜ. ಹೊಸ ಜಾವಾದ ದುಂಡು ದೀಪವನ್ನು ಕಂಡು ಒಬ್ಬನಿಗೆ 1975ರ ಚಾಮುಂಡಿಬೆಟ್ಟದ ರಸ್ತೆಯೂ, ಹಿಂದೆ ಕುಳಿತಿದ್ದ ತಮ್ಮನೂ ನೆನಪಾದರೆ, ಆ ತಮ್ಮನು ಪೀತಂಪುರದಲ್ಲಿ ತಯಾರಾದವನಲ್ಲ.

ಇಷ್ಟರ ಮಟ್ಟಿಗೆ ಹಳೆಯ ಸವಾರನೂ ತಯಾರಕನೂ ನಿರ್ದೋಷಿಗಳು. ಆದರೆ ರೂಪವೆಂಬುದು ಕಣ್ಣಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಬಲ್ಲವನಿಗೆ ಅದೊಂದು ವಾಗ್ದಾನವೂ ಹೌದು. ತೊಡಕು ಹುಟ್ಟುವುದು ಅಲ್ಲಿ. ಮದರಾಸಿನ ಬುಲೆಟ್ಟನ್ನು ತೆಗೆದುಕೊಳ್ಳಿ. 1955ರಿಂದ ಅಲ್ಲಿ ತಯಾರಾಗುತ್ತ ಬಂದ ಆ ವಾಹನದ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದಿತು. ಹೊರಡಿಸುವುದೊಂದು ವ್ರತ. ಎಡಗೈಯ ಚಿಕ್ಕ ಹಿಡಿಯನ್ನು ಅದುಮಿ ಸಿಲಿಂಡರಿನೊಳಗಿನ ಒತ್ತಡವನ್ನು ಬಿಡಿಸಬೇಕು. ಕಿಕ್ಕನ್ನು ಮೆಲ್ಲನೆ ಇಳಿಸುತ್ತ ಆಮ್‌ಮೀಟರಿನ ಮುಳ್ಳು ನಡುವಿಗೆ ಬರುವುದನ್ನು ಕಾಯಬೇಕು. ಬಂದೊಡನೆ ಹಿಡಿಯನ್ನು ಬಿಟ್ಟು, ಮೈಭಾರವನ್ನೆಲ್ಲ ಹಾಕಿ ಒಂದೇ ಸಲ ತುಳಿಯಬೇಕು. ಅವಸರಪಟ್ಟವನ ಕಣಕಾಲಿಗೆ ಕಿಕ್ಕು ತಿರುಗಿ ಹೊಡೆಯುತ್ತಿತ್ತು. ಮನೆಯ ಹಿರಿಯ ಮಗನಿಗೆ ಈ ವಿದ್ಯೆ ಹೇಳಿಕೊಡುವ ದಿನ ಒಂದು ಬಗೆಯ ಉಪನಯನವೇ ಆಗಿದ್ದಿತು. ಪ್ಲಗ್ಗು ಬಿಚ್ಚಿ ಒರೆಸುವುದು, ಪಾಯಿಂಟಿನ ಸಂದನ್ನು ಸರಿಪಡಿಸುವುದು, ಸೈಲೆನ್ಸರಿನ ಮಸಿ ಕೆರೆಯುವುದು ಸವಾರರಿಗೆಲ್ಲ ಬರುತ್ತಿತ್ತು. ಯಂತ್ರ ಪದೇ ಪದೇ ಕೆಡುತ್ತಿದ್ದುದರಿಂದಲೇ ಅದರ ಒಳಗು ಗೊತ್ತಾಗುತ್ತಿತ್ತು.

ಈಗ ಅದೇ ಸಂಸ್ಥೆಯ 2021ರ ಕ್ಲಾಸಿಕ್ ಮಾದರಿಯನ್ನು ನೋಡಿದರೆ ದೀಪದ ಇಕ್ಕೆಲದ ಹುಲಿಗಣ್ಣಿನ ಸಣ್ಣ ದೀಪಗಳು ಕೂಡ ಹಳೆಯವೇ. ಕಿಕ್ಕು ಮಾತ್ರ ಇಲ್ಲ. ಗೇರು ಎಡಗಾಲಿಗೆ ಬಂದಿದೆ. ಕಣ್ಣು 'ಅದೇ' ಎನ್ನುತ್ತದೆ. ಬಲಗಾಲು ರೂಢಿಯಂತೆ ಗೇರೆಂದು ತುಳಿದು ಬ್ರೇಕನ್ನು ಒತ್ತುತ್ತದೆ. ಕಾಲು ನಾಲ್ಕು ದಿನದಲ್ಲಿ ಹೊಸ ರೂಢಿ ಕಲಿಯುತ್ತದೆ, ಅದು ದೊಡ್ಡದಲ್ಲ. ರಸ್ತೆಯಲ್ಲಿ ಕೆಟ್ಟು ನಿಂತಾಗ ಏನಾಗುವುದೆಂಬುದು ದೊಡ್ಡದು. ಪರಿಚಿತವಾದ ಆ ಮುಖವನ್ನು ನೋಡಿ ಸವಾರನು ಸ್ಪ್ಯಾನರು ಹಿಡಿದು ಕೂರುತ್ತಾನೆ. ಆದರೆ ಕಾರಣ ಯಾವುದೋ ಮೊಹರು ಹಾಕಿದ ಪೆಟ್ಟಿಗೆಯೊಳಗಿನ ವಿದ್ಯುತ್ ಮಂಡಲದಲ್ಲಿದೆ. ಅದನ್ನು ಓದುವ ಉಪಕರಣ ಸಂಸ್ಥೆಯ ಸರ್ವೀಸ್ ಕೇಂದ್ರದಲ್ಲಿದೆ. ಇಂದಿನ ಆಕಾರದ ವಾಹನವಾಗಿದ್ದರೆ ಅವನು ಅದರಿಂದ ಏನನ್ನೂ ನಿರೀಕ್ಷಿಸುತ್ತಿರಲಿಲ್ಲ. ಹಳೆಯ ಗೆಳೆಯನ ಮುಖ ಹೊತ್ತವನು ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ಆಗುವ ವ್ಯಥೆ ಅಪರಿಚಿತನ ಮೌನದಿಂದ ಆಗುವುದಿಲ್ಲ.

ಇದಕ್ಕೆ ಹಳೆಯ ಸವಾರರ ಕಡೆಯಿಂದಲೂ ಒಂದು ಉತ್ತರವಿದೆ, ಅದನ್ನು ತಳ್ಳಿಹಾಕಲಾಗದು. ಅರವತ್ತೈದರ ಮೊಳಕಾಲು ಬುಲೆಟ್ಟಿನ ಕಿಕ್ಕನ್ನು ತಾಳಲಾರದು. ಹಳೆಯ ಡ್ರಮ್ ಬ್ರೇಕುಗಳನ್ನು ನಂಬಿ ಇಂದಿನ ಹೆದ್ದಾರಿಯಲ್ಲಿ ಹೋಗುವುದು ಸಾಹಸ, 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ವಾಹನಗಳಿಗೆಲ್ಲ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕು ಇರಬೇಕೆಂದು 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವುದು ಸುಮ್ಮನೆ ಅಲ್ಲ. ಮೊಮ್ಮಗಳನ್ನು ಹಿಂದೆ ಕೂರಿಸಿಕೊಳ್ಳುವಾತನಿಗೆ ನೀಲಿ ಹೊಗೆಯೂ ಬೇಡ. ಅವನು ಬೇಡುವುದು ಇಷ್ಟೆ: ಕಷ್ಟವಿಲ್ಲದೆ ಆ ಚೆಲುವು ಸಿಕ್ಕಲಿ. ಆದರೆ ಅವನ ಪ್ರೀತಿ ಬೆಳೆದದ್ದು ಕಷ್ಟದ ಜೊತೆಯಲ್ಲಿಯೇ ಎಂಬುದು ಅವನಿಗೂ ಗೊತ್ತು. ಅಂಗಡಿಯಲ್ಲಿ ಹೊಸ ವಾಹನದ ಸುತ್ತ ಎರಡು ಸಲ ತಿರುಗಿ, ಟ್ಯಾಂಕನ್ನು ಸವರಿ, ಕೊಳ್ಳದೆ ಮನೆಗೆ ಬಂದುಬಿಡುವ ಮುದುಕರನ್ನು ಮಾರಾಟದವರು ಜಿಪುಣರೆಂದು ಭಾವಿಸುವರೇನೋ. ಅವರ ಹಿಂಜರಿಕೆಗೆ ಬೆಲೆಯೊಂದೇ ಕಾರಣವಲ್ಲ.

ಎರಡನ್ನೂ ಇಟ್ಟುಕೊಂಡ ಮನೆಗಳೂ ಮೈಸೂರಿನಲ್ಲಿ ಉಂಟು. ನಿತ್ಯದ ಓಡಾಟಕ್ಕೆ ಹೊಸದು. ಕೊಟ್ಟಿಗೆಯಲ್ಲಿ ಹೊದಿಕೆಯ ಕೆಳಗೆ ಹಳೆಯದು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ದಿ ಅಭಿಮಾನಿಗಳು ಸೇರುವ ಪದ್ಧತಿಯಿದೆ. ಆ ದಿನ ಹೊರಗೆ ಬರುವುದು ಹಳೆಯದು. ಅದಕ್ಕಾಗಿ ಒಂದು ವಾರ ಮುಂಚೆ ಹಳೆಯ ಮೆಕ್ಯಾನಿಕ್ಕನನ್ನು ಹುಡುಕಿ ಕರೆತರಬೇಕಾಗುತ್ತದೆ. ಆತನಿಗೂ ವಯಸ್ಸಾಗಿದೆ, ಕಾರ್ಬುರೇಟರನ್ನು ಕಿವಿಯಿಂದ ಹದಗೊಳಿಸುವ ಆತನ ವಿದ್ಯೆಯನ್ನು ಕಲಿಯಲು ಹುಡುಗರು ಬರುವುದು ಅಪರೂಪ. ಬಂದವರೂ, ಮುಂದೆ ಸರ್ವೀಸ್ ಕೇಂದ್ರದಲ್ಲಿ ಕೆಲಸ ಸಿಕ್ಕೀತೇ ಎಂದು ಮೊದಲು ಕೇಳುತ್ತಾರೆ.