ವೈದ್ಯವಿದ್ಯೆಯ ಆಯ್ಕೆ ಮತ್ತು ಶ್ರಾವಕಧರ್ಮ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಪದವಿಪೂರ್ವ ತರಗತಿಗೆ ಯಾವ ವಿಷಯಗಳನ್ನು ಆರಿಸಿಕೊಳ್ಳಬೇಕು? ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ಜೀವಶಾಸ್ತ್ರವೋ, ಗಣಕವಿಜ್ಞಾನವೋ, ಅಥವಾ ಮನೆಯ ವ್ಯಾಪಾರಕ್ಕೆ ಒದಗುವ ವಾಣಿಜ್ಯವೋ? ಮೇಲ್ನೋಟಕ್ಕೆ ಇದು ಲೌಕಿಕ ಪ್ರಶ್ನೆ. ಆದರೆ ಹದಿನಾರರ ಮಗುವಿನ ಬಾಳಿನ ದಿಕ್ಕನ್ನು ನಿಶ್ಚಯಿಸುವ ಈ ಕಾರ್ಯದಲ್ಲಿ ಅಹಿಂಸೆಯೂ ಅಪರಿಗ್ರಹವೂ ಪರೀಕ್ಷೆಗೆ ಒಳಗಾಗುವುದರಿಂದ ಇದು ಧರ್ಮವಿಚಾರವೂ ಹೌದು.

ಹಿಂದೆ ಅನೇಕ ಶ್ರಾವಕ ಕುಟುಂಬಗಳು ಜೀವಶಾಸ್ತ್ರವೆಂದರೆ ಹಿಂಜರಿಯುತ್ತಿದ್ದವು. ಪ್ರಯೋಗಾಲಯದಲ್ಲಿ ಕಪ್ಪೆ, ಜಿರಲೆಗಳನ್ನು ಕೊಯ್ಯಬೇಕಾಗಿದ್ದುದೇ ಅದಕ್ಕೆ ಕಾರಣ. ಆ ಹಿಂಜರಿಕೆ ಅಜ್ಞಾನದಿಂದ ಹುಟ್ಟಿದ್ದಲ್ಲ. ಕಲಿಕೆಯ ನೆಪದಲ್ಲಿ ಜೀವ ತೆಗೆಯುವುದು ಅನಗತ್ಯವೆಂಬ ಮಾತನ್ನು ಲೋಕವೇ ಈಗ ಒಪ್ಪಿದೆ. ಪ್ರಾಣಿವಿಜ್ಞಾನದ ಪಾಠಗಳಲ್ಲಿ ಪ್ರಾಣಿಚ್ಛೇದನವನ್ನು ಹಂತಹಂತವಾಗಿ ಕೈಬಿಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಮಾರ್ಗಸೂಚಿ ನೀಡಿ, 2014ರಲ್ಲಿ ಅದನ್ನು ನಿಲ್ಲಿಸಲು ಸೂಚಿಸಿತು. ಚಿತ್ರಪಟ, ಮಾದರಿ, ಗಣಕಯಂತ್ರಗಳಿಂದ ಇಂದು ಆ ಪಾಠವನ್ನು ಕಲಿಯಬಹುದು.

ಹಾಗಾದರೆ ವೈದ್ಯನ ವೃತ್ತಿಯಲ್ಲಿ ಹಿಂಸೆಯೇ ಇಲ್ಲವೇ? ಇದೆ. ರೋಗಾಣುಗಳು ಸಾಯುತ್ತವೆ, ಶಸ್ತ್ರ ದೇಹವನ್ನು ಸೀಳುತ್ತದೆ. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು. ಉಳಿದವುಗಳನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ವೈದ್ಯನ ದೃಷ್ಟಾಂತವನ್ನೇ ಕೊಡುತ್ತಾರೆ: ಕರುಣೆಯಿಂದ ಮುನಿಯ ಕುರುವನ್ನು ಕೊಯ್ಯುವ ವೈದ್ಯನು ನೋವಿಗೆ ನಿಮಿತ್ತನಾದರೂ ಪಾಪಬಂಧಕ್ಕೆ ಗುರಿಯಾಗುವುದಿಲ್ಲ. ನಿರ್ಣಾಯಕವಾದುದು ಭಾವ.

ನಮ್ಮ ಪರಂಪರೆಯೂ ಇದಕ್ಕೆ ಸಾಕ್ಷಿ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ'ವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ಹೇಳುತ್ತದೆ. ಕನ್ನಡದಲ್ಲಿ ಕೀರ್ತಿವರ್ಮನು 'ಗೋವೈದ್ಯ'ವನ್ನೂ, ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತ 'ಖಗೇಂದ್ರಮಣಿದರ್ಪಣ'ವನ್ನೂ ರಚಿಸಿದರು. ಇಬ್ಬರೂ ಜೈನರು. ಆಹಾರ, ಅಭಯ, ಶಾಸ್ತ್ರದಾನಗಳ ಜೊತೆಗೆ ಔಷಧದಾನವನ್ನು ಎಣಿಸಿದ ಸಮಾಜವು ವೈದ್ಯವಿದ್ಯೆಗೆ ಹೊರಗಿನದಲ್ಲ.

ಆದುದರಿಂದ ಇಂದಿನ ಆತಂಕ ಕಪ್ಪೆಯ ವಿಷಯವಲ್ಲ, ಮಗುವಿನ ವಿಷಯ. 2024ರ ನೀಟ್ ಪರೀಕ್ಷೆಯನ್ನು 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಚಿತ್ರದುರ್ಗದಲ್ಲಿಯೇ ಬಸವೇಶ್ವರ ವೈದ್ಯಕೀಯ ಮಹಾವಿದ್ಯಾಲಯದ ಜೊತೆಗೆ 2023ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಆರಂಭವಾಯಿತೆಂಬುದು ಸಂತೋಷದ ಸಂಗತಿ. ಆದರೆ ಕಾಲೇಜು ಮನೆಯ ಹತ್ತಿರ ಬಂದ ಮಾತ್ರಕ್ಕೆ ಸೀಟು ಹತ್ತಿರ ಬರುವುದಿಲ್ಲ. ಇದನ್ನು ಬಲ್ಲ ತಂದೆತಾಯಿಗಳು ಮಕ್ಕಳನ್ನು ದಾವಣಗೆರೆ, ಮಂಗಳೂರು, ಮೂಡುಬಿದಿರೆಗಳ ವಸತಿ ಕಾಲೇಜುಗಳಿಗೆ ಕಳುಹಿಸುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮವುಳ್ಳ ಮಗುವಿಗೆ ಅಲ್ಲಿನ ಸಂಜೆಯ ತರಗತಿಗಳ ನಡುವೆ ಊಟ ದೊರೆಯುವುದೇ ಎಂದು ಸೇರಿಸುವ ಮುನ್ನ ವಿಚಾರಿಸುವವರು ವಿರಳ.

ಮಗುವಿಗೆ ಒಲವಿದ್ದರೆ ಇಷ್ಟೆಲ್ಲ ಶ್ರಮವೂ ತಪಸ್ಸೇ. ಒಲವಿಲ್ಲದೆಡೆ, ಬೀಗರ ಮನೆಯಲ್ಲಿ ಡಾಕ್ಟರರಿದ್ದಾರೆ ಎಂಬ ಕಾರಣಕ್ಕೋ, ಹೂಡಿದ ಹಣ ಮುಂದೆ ಹಲವು ಪಟ್ಟಾಗಿ ಬರುವುದೆಂಬ ಲೆಕ್ಕಕ್ಕೋ ಜೀವಶಾಸ್ತ್ರವನ್ನು ಹೇರಿದರೆ, ಅದು ಮಾನ ಮತ್ತು ಲೋಭ ಕಷಾಯಗಳಿಂದ ಹುಟ್ಟಿದ ಹಿಂಸೆ. ಇರುವೆಯನ್ನು ತುಳಿಯದಂತೆ ನಡೆಯುವ ನಾವು ಮಗುವಿನ ಮನಸ್ಸನ್ನು ತುಳಿಯಬಹುದೇ?

ಆಯ್ಕೆಯಲ್ಲಿ ಕೆಲವು ವ್ಯಾವಹಾರಿಕ ಸಂಗತಿಗಳನ್ನೂ ಗಮನಿಸಬೇಕು. ನೀಟ್‌ನ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360. ಗಣಿತಕ್ಕೆ ಅಲ್ಲಿ ಸ್ಥಾನವಿಲ್ಲ. ಆದರೂ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳ ಸಂಯೋಜನೆಯು, ಮನಸ್ಸು ಇನ್ನೂ ನಿಲ್ಲದ ಮಗುವಿಗೆ ಇಂಜಿನಿಯರಿಂಗ್ ದಾರಿಯನ್ನೂ ತೆರೆದಿಡುತ್ತದೆ. ಜೀವಶಾಸ್ತ್ರವನ್ನು ಬಿಟ್ಟವರು ಹನ್ನೆರಡನೆಯ ತರಗತಿಯ ಬಳಿಕ ಅದನ್ನು ಹೆಚ್ಚುವರಿ ವಿಷಯವಾಗಿ ಓದಿ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ತಿಳಿಸಿದೆ. ಹದಿನಾರನೆಯ ವಯಸ್ಸಿಗೇ ಎಲ್ಲವೂ ಮುಗಿದುಹೋಗುವುದಿಲ್ಲ. ಭಾಷೆಯ ಆಯ್ಕೆಯಲ್ಲಿಯೂ ಅಂಕಗಳ ಆಸೆಗೆ ಕನ್ನಡವನ್ನು ಬಿಡುವುದು ವಿವೇಕವಲ್ಲ. ಹೊಸದುರ್ಗದ ಹಳ್ಳಿಯ ವೃದ್ಧೆ ತನ್ನ ಸಂಕಟವನ್ನು ತೋಡಿಕೊಳ್ಳುವುದು ಕನ್ನಡದಲ್ಲಿ.

ಇನ್ನು ಬಸದಿ ಹಾಗೂ ಮಂದಿರಗಳ ಟ್ರಸ್ಟ್‌ಗಳಿಗೆ ಒಂದು ವಿನಂತಿ. ವಿದ್ಯಾರ್ಥಿವೇತನ, ಸನ್ಮಾನಗಳೆಲ್ಲ ಎಂ.ಬಿ.ಬಿ.ಎಸ್. ಸೀಟು ಪಡೆದವರಿಗೇ ಮೀಸಲಾದರೆ, ಔಷಧದಾನದ ಅರ್ಥವನ್ನು ನಾವೇ ಕಿರಿದುಗೊಳಿಸಿದಂತೆ. ಶುಶ್ರೂಷಕಿ, ಔಷಧ ತಜ್ಞ, ಪಶುವೈದ್ಯ, ಇವರೂ ಆ ದಾನದ ಕೈಗಳೇ. ನಮ್ಮವರು ಗೋಶಾಲೆಗಳಿಗೆ ಹುಲ್ಲು, ಹಿಂಡಿ, ಕಟ್ಟಡಗಳನ್ನು ಧಾರಾಳವಾಗಿ ಕೊಡುತ್ತಾರೆ. ಮಗನನ್ನೋ ಮಗಳನ್ನೋ ಪಶುವೈದ್ಯ ಮಾಡಿಸಲು ಮಾತ್ರ ಹಿಂದೆಗೆಯುತ್ತಾರೆ. 'ಗೋವೈದ್ಯ'ವನ್ನು ಬರೆದ ಕೀರ್ತಿವರ್ಮನು ಚಾಲುಕ್ಯ ರಾಜವಂಶದವನು. ರಾಜಕುಮಾರನಿಗೆ ಕೀಳೆನಿಸದ ವಿದ್ಯೆ ವರ್ತಕನ ಮಕ್ಕಳಿಗೆ ಕೀಳಾಗುವುದೆಂತು?

ನಮ್ಮ ಜಿಲ್ಲೆಯ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅದರ ಬೋಧೆ. ಮಕ್ಕಳು ಮೊದಲನೆಯದನ್ನು ಪಾಲಿಸಲೆಂದು ಬಯಸುವ ಹಿರಿಯರು ಉಳಿದೆರಡನ್ನು ತಾವು ಪಾಲಿಸಬೇಕು: ಮಗುವಿನ ಮೇಲೆ ದಯೆಯಿರಲಿ, ಅದರ ಶಕ್ತಿ, ಒಲವು, ಮನೆಯ ಆರ್ಥಿಕ ಸ್ಥಿತಿಗಳ ಬಗೆಗೆ ಸತ್ಯವನ್ನೇ ಆಡೋಣ. ಅರ್ಜಿಯನ್ನು ತುಂಬುವುದು ಆ ಮೇಲಿನ ಕೆಲಸ.