ಆಟ ನಿಲ್ಲದ ರಾತ್ರಿ

1999ರ ಮೇ 23, ಭಾನುವಾರ. ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯ ಕೆಂಪರ್ ಅರೀನಾದಲ್ಲಿ ಸುಮಾರು 16 ಸಾವಿರ ಜನ ಸೇರಿದ್ದರು. ಅಂದು ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯ 'ಓವರ್ ದಿ ಎಡ್ಜ್' ಎಂಬ ಪೇ-ಪರ್-ವ್ಯೂ ಪ್ರದರ್ಶನ. ಆ ಒಂದು ರಾತ್ರಿಯ ಆಟಕ್ಕೆಂದೇ ಬೇರೆ ದುಡ್ಡು ಕಟ್ಟಿ, ಮನೆಯಲ್ಲಿ ಕೂತು ಟಿವಿಯಲ್ಲಿ ನೋಡುವವರ ಸಂಖ್ಯೆ ಇನ್ನೂ ದೊಡ್ಡದು. ಓವನ್ ಹಾರ್ಟ್ ಎಂಬ 34 ವರ್ಷದ ಕೆನಡಾದ ಕುಸ್ತಿಪಟು ಚಾವಣಿಯಿಂದ ತಂತಿಯ ಮೇಲೆ ರಿಂಗಿಗೆ ಇಳಿಯಬೇಕಿತ್ತು. ಇಳಿಯುವ ಮೊದಲೇ ಕೊಂಡಿ ಕಳಚಿತು. ಸುಮಾರು 78 ಅಡಿ ಎತ್ತರದಿಂದ ಬಿದ್ದವನು ರಿಂಗಿನ ಮೇಲ್ಹಗ್ಗಕ್ಕೆ ಬಡಿದು ಒಳಗುರುಳಿದ. ಆಸ್ಪತ್ರೆಗೆ ಸಾಗಿಸಿದರು, ಉಳಿಯಲಿಲ್ಲ. ಪ್ರದರ್ಶನ ಮಾತ್ರ ಕೊನೆಯ ಪಂದ್ಯದವರೆಗೂ ನಡೆಯಿತು.

ನಿಲ್ಲಿಸಬೇಕಿತ್ತೇ ಎಂಬ ಪ್ರಶ್ನೆಗೆ ಬಹುಪಾಲು ಜನ ಅರೆಕ್ಷಣದಲ್ಲಿ ಉತ್ತರ ಕೊಡುತ್ತಾರೆ. ನನ್ನ ಉತ್ತರವೂ ಅದೇ. ಆದರೆ ಆ ರಾತ್ರಿ ನಡೆದ ಅನ್ಯಾಯ ನಿಖರವಾಗಿ ಯಾವುದು, ಯಾರ ಮೇಲೆ ಆದದ್ದು ಎಂದು ಕೇಳಿಕೊಂಡರೆ ಉತ್ತರ ಅಷ್ಟು ಬೇಗ ಸಿಗುವುದಿಲ್ಲ.

ಆತ ಬಿದ್ದ ಬಗೆಯನ್ನೇ ನೋಡಿ. ಓವನ್ ಅಂದು ವಹಿಸಿದ್ದು 'ಬ್ಲೂ ಬ್ಲೇಜರ್' ಎಂಬ ಪಾತ್ರ. ನೀಲಿ ಮುಖವಾಡ, ಗರಿಗಳ ಮೇಲಂಗಿ ತೊಟ್ಟು, ತಾನು ಮಹಾವೀರನೆಂದು ನಂಬಿರುವ ಪೆದ್ದ. ಈ ಪೆದ್ದ ಆಕಾಶದಿಂದ ಠೀವಿಯಲ್ಲಿ ಇಳಿದು, ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಾಗ ತಂತಿಗೆ ಸಿಕ್ಕಿಕೊಂಡು ಒದ್ದಾಡಿ, ಕೊಂಡಿ ಬಿಚ್ಚಿ ಮುಖ ಅಡಿಯಾಗಿ ಬೀಳಬೇಕು. ಜನ ನಗಬೇಕು. ಆ ಸಣ್ಣ ನಗೆಬೀಳು ಸಾಧ್ಯವಾಗಲೆಂದೇ ಥಟ್ಟನೆ ಬಿಚ್ಚಿಕೊಳ್ಳುವ ಕೊಂಡಿಯನ್ನು ಬಳಸಿದ್ದರು. ಅದು ಹಾಯಿದೋಣಿಗಳಲ್ಲಿ ಬಳಸುವ ಬಗೆಯದು. ಎರಡು ಮೂರು ಅಡಿಯ ಸುಳ್ಳು ಬೀಳಿಗಾಗಿ ಮಾಡಿಕೊಂಡ ಏರ್ಪಾಡೇ 78 ಅಡಿಯ ನಿಜದ ಬೀಳಿಗೆ ದಾರಿಯಾಯಿತು.

ಈ ಕುಸ್ತಿಯನ್ನು 'ಸುಳ್ಳು' ಎಂದು ತಳ್ಳಿಹಾಕುವುದು ಸುಲಭ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಕೇಬಲ್ ಬಂದ ಹೊಸತರಲ್ಲಿ, ಈ ಪೈಲ್ವಾನರ ಚಿತ್ರವಿದ್ದ ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಹುಡುಗರ ನಡುವೆ ನಿಜವೋ ನಾಟಕವೋ ಎಂಬ ಜಗಳ ಮುಗಿದದ್ದೇ ಇಲ್ಲ. ಎರಡೂ ಕಡೆಯವರು ಹೇಳುತ್ತಿದ್ದುದು ಸರಿಯೇ. ಅಲ್ಲಿ ಗೆಲ್ಲುವುದು ಸುಳ್ಳು, ಬೀಳುವುದು ನಿಜ. ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ. ಬೆನ್ನು ಮರದ ಹಲಗೆಗೆ ಅಪ್ಪಳಿಸುವುದನ್ನು ಮಾತ್ರ ಯಾರೂ ನಟಿಸಲಾರರು. ಈ ಗುಟ್ಟನ್ನು ಹೊರಗೆ ಬಿಟ್ಟುಕೊಡದೆ ಕಾಯುವ ರೂಢಿಗೆ ಅವರ ವೃತ್ತಿಯಲ್ಲಿ 'ಕೇಫೇಬ್' ಎನ್ನುತ್ತಾರೆ. ಪಂದ್ಯ ಮೊದಲೇ ಗೊತ್ತಾಗಿದೆಯೇ ಇಲ್ಲವೇ ಎಂಬುದು ನೋಡುಗನಿಗೆ ಮುಖ್ಯವೇ ಅಲ್ಲ ಎಂದು ಫ್ರಾನ್ಸಿನ ರೋಲಾ ಬಾರ್ಥ್ ಐವತ್ತರ ದಶಕದಲ್ಲೇ ಬರೆದಿದ್ದ. ನೋವು, ಸೋಲು, ಪ್ರತೀಕಾರಗಳು ಎದ್ದು ಕಾಣಬೇಕು, ಅಷ್ಟೇ.

ನಮ್ಮ ಅಲಂಕಾರಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಬಯಲಾಟದಲ್ಲಿ ಭೀಮ ದುಶ್ಶಾಸನನ ಎದೆ ಬಗೆಯುವಾಗ ನಾವು ಪೊಲೀಸರನ್ನು ಕರೆಯುವುದಿಲ್ಲ. ಅಲ್ಲಿನ ನೋವು ಯಾರೊಬ್ಬರ ಸ್ವಂತ ನೋವೂ ಅಲ್ಲ, ಆದ್ದರಿಂದಲೇ ಅದು ರಸವಾಗುತ್ತದೆ. ವೇಷ ಕಳಚಿದ ಮೇಲೆ ದುಶ್ಶಾಸನ ಚೌಕಿಯಲ್ಲಿ ಚಹಾ ಕುಡಿಯುತ್ತಾನೆ ಎಂಬ ಭರವಸೆ ಇಡೀ ಆಟದ ಅಡಿಪಾಯ. ಓವನ್ ಬಿದ್ದಾಗ ಮುರಿದದ್ದು ಆ ಭರವಸೆ. ಸಭಾಂಗಣದಲ್ಲಿದ್ದವರಿಗೆ ಮಾತ್ರ ಅದು ಮುರಿದದ್ದು ಗೊತ್ತಾಗುವಂತಿರಲಿಲ್ಲ. ದೀಪಗಳನ್ನು ಮಂದ ಮಾಡಿದ್ದರು. ಬಿದ್ದದ್ದು ಬೊಂಬೆಯೆಂದು ಭಾವಿಸಿದವರೂ ಇದ್ದರು. ಅವರನ್ನು ದೂರುವಂತಿಲ್ಲ. ಹಿಂದಿನ ವರ್ಷದ ಜೂನ್‌ನಲ್ಲಿ ಮಿಕ್ ಫೋಲಿ ಎಂಬಾತನನ್ನು ಅಂಡರ್‌ಟೇಕರ್ ಕಬ್ಬಿಣದ ಪಂಜರದ ಮೇಲಿನಿಂದ ಹದಿನಾರು ಅಡಿ ಕೆಳಕ್ಕೆ ಎಸೆದಿದ್ದ. ಫೋಲಿ ಎದ್ದು ಬಂದು ಆಟ ಮುಂದುವರಿಸಿದ್ದ. ಎರಡೇ ತಿಂಗಳ ಹಿಂದೆ, ರೆಸಲ್‌ಮೇನಿಯಾದಲ್ಲಿ, ಬಿಗ್ ಬಾಸ್ ಮ್ಯಾನ್ ಎಂಬ ಪಾತ್ರಕ್ಕೆ ಎಲ್ಲರೆದುರು ನೇಣು ಹಾಕುವ ದೃಶ್ಯವಿತ್ತು. ಆತನೂ ಆಮೇಲೆ ಕೆಲಸಕ್ಕೆ ಬಂದ. ಎತ್ತರದಿಂದ ಬಿದ್ದರೆ ಕೇಕೆ ಹಾಕಬೇಕು ಎಂದು ಆ ಜನರಿಗೆ ವರ್ಷವಿಡೀ ಪಾಠ ಮಾಡಿದ್ದವರು ಕಂಪನಿಯವರೇ.

ಮನೆಯಲ್ಲಿ ನೋಡುತ್ತಿದ್ದವರಿಗೆ ಬೀಳುವುದು ಕಾಣಲಿಲ್ಲ. ಆ ಹೊತ್ತಿಗೆ ತೆರೆಯ ಮೇಲೆ ಮೊದಲೇ ಚಿತ್ರಿಸಿದ್ದ ಸಂದರ್ಶನ ಓಡುತ್ತಿತ್ತು. ಅದು ಮುಗಿದಾಗ ಕ್ಯಾಮೆರಾ ರಿಂಗನ್ನು ಬಿಟ್ಟು ಜನರ ಕಡೆ ತಿರುಗಿತು. ವೀಕ್ಷಕ ವಿವರಣೆಗಾರ ಜಿಮ್ ರಾಸ್ ಮಾತಾಡಬೇಕಾಯಿತು. ಇದು ಕಥೆಯ ಭಾಗವಲ್ಲ, ನಿಜವಾಗಿ ನಡೆದದ್ದು ಎಂದು ಆತ ಮತ್ತೆ ಮತ್ತೆ ಹೇಳಿದ. ಆ ಕೆಲಸ ಎಷ್ಟು ಕಷ್ಟದ್ದೆಂದು ಯೋಚಿಸಿ. ಫೋಲಿ ಬಿದ್ದಾಗ, ಆ ಮನುಷ್ಯನನ್ನು ಕೊಂದೇಬಿಟ್ಟರು ಎಂಬ ಅರ್ಥದಲ್ಲಿ ಕಿರುಚಿದ್ದವನೂ ಇದೇ ರಾಸ್. ಆಟವನ್ನು ನಿಜವೆಂದು ನಂಬಿಸುವುದೇ ಅವನ ಸಂಬಳದ ಕೆಲಸ. ಮರಣ, ದುರಂತ, ಘೋರ ಎಂಬ ಪದಗಳನ್ನೆಲ್ಲ ವರ್ಷಗಟ್ಟಲೆ ಖರ್ಚು ಮಾಡಿ ಮುಗಿಸಿದವನ ಬಳಿ, ನಿಜದ ಸಾವು ಎದುರಾದಾಗ ಉಳಿದಿದ್ದ ಪದ ಯಾವುದು? ಆತ ದನಿ ತಗ್ಗಿಸಿದ. ಮನೆಯಲ್ಲಿದ್ದವರು ನಂಬಿದ್ದು ಬಹುಶಃ ಅದಕ್ಕೇ. ಸ್ವಲ್ಪ ಹೊತ್ತಿನ ಬಳಿಕ, ಓವನ್ ತೀರಿಕೊಂಡ ಸುದ್ದಿಯನ್ನು ಅದೇ ತಗ್ಗಿದ ದನಿಯಲ್ಲಿ ತಿಳಿಸಿದ. ಅದು ಟಿವಿಯಲ್ಲಿ ಮಾತ್ರ. ಸಭಾಂಗಣದಲ್ಲಿ ಆ ಸುದ್ದಿಯನ್ನು ಯಾರೂ ಹೇಳಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇಲ್ಲಿದೆ. ನಿಲ್ಲಿಸುವುದು ಒಂದು ಪ್ರಶ್ನೆ, ಹೇಳುವುದು ಇನ್ನೊಂದು. ಕಂಪನಿಯ ಪರ ವಹಿಸುವವರು ಹೇಳುವ ಮಾತುಗಳೆಲ್ಲ ಮೊದಲನೆಯದಕ್ಕೆ ಸಂಬಂಧಿಸಿದವು. ಜನ ದಂಗೆ ಎದ್ದರೆ ಏನು ಗತಿ, ದುಡ್ಡು ಕೊಟ್ಟು ಬಂದಿದ್ದಾರೆ, ಕಲಾವಿದರ ಸಂಪ್ರದಾಯವೇ ಆಟ ನಿಲ್ಲಿಸದಿರುವುದು, ಇತ್ಯಾದಿ. ಇವೆಲ್ಲವನ್ನೂ ಒಪ್ಪಿಕೊಂಡರೂ ಸಾವಿನ ಸುದ್ದಿ ಮುಚ್ಚಿಟ್ಟದ್ದಕ್ಕೆ ಸಮರ್ಥನೆ ಸಿಗುವುದಿಲ್ಲ. ಮನೆಯವನು ಸುದ್ದಿ ಕೇಳಿ ಟಿವಿ ಆರಿಸಬಹುದಿತ್ತು, ಆರಿಸದೆಯೂ ಇರಬಹುದಿತ್ತು. ಅದು ಅವನ ಆಯ್ಕೆ, ಅವನ ಹೊಣೆ. ಸಭಾಂಗಣದಲ್ಲಿದ್ದವನಿಗೆ ಆ ಆಯ್ಕೆಯೇ ಇರಲಿಲ್ಲ. ಸತ್ತವನು ಬಿದ್ದ ರಿಂಗಿನ ಎದುರು ಕೂತು ಅವನು ಶಿಳ್ಳೆ ಹೊಡೆದ. ಕೇಫೇಬ್ ಎಂಬ ಸುಳ್ಳಿಗೆ ಆತ ಟಿಕೆಟ್ ಕೊಂಡು ಒಪ್ಪಿಗೆ ಕೊಟ್ಟಿದ್ದ, ನಿಜ. ಈ ಎರಡನೆಯ ಸುಳ್ಳಿಗೆ ಅವನನ್ನು ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ಮದುವೆ ಮನೆಗೆ ಸಾವಿನ ಸುದ್ದಿ ಬಂದರೆ, ತಾಳಿ ಕಟ್ಟುವವರೆಗೆ ಮುಚ್ಚಿಡುವ ಹಿರಿಯರಿದ್ದಾರೆ. ಸೂತಕ ತಟ್ಟಿದರೆ ಮುಹೂರ್ತ ತಪ್ಪುತ್ತದೆ, ಹೆಣ್ಣಿನ ಬಾಳಿನ ಪ್ರಶ್ನೆ, ಆಮೇಲೆ ಹೇಳಿದರಾಯಿತು ಎಂಬ ಲೆಕ್ಕ. ಮುಚ್ಚಿಟ್ಟವರನ್ನು ಕೆಲವರು ಕ್ಷಮಿಸುತ್ತಾರೆ. ಅಜ್ಜ ತೀರಿಕೊಂಡು ಹೋಗಿದ್ದಾಗ ನನ್ನನ್ನು ಹೋಳಿಗೆ ತಿನ್ನುವಂತೆ ಮಾಡಿದರಲ್ಲ ಎಂದು ಕೊನೆಯವರೆಗೂ ಕೊರಗುವವರೂ ಇದ್ದಾರೆ. ಅರಿಯದೆ ತಿಂದ ಹೋಳಿಗೆ ತಪ್ಪಲ್ಲ ಎಂದು ಎಷ್ಟು ಸಮಾಧಾನ ಹೇಳಿದರೂ ಆ ಕೊರಗು ಹೋಗುವುದಿಲ್ಲ, ಮತ್ತು ಅದು ಮೂರ್ಖತನವೂ ಅಲ್ಲ. ನಮ್ಮ ದುಃಖಕ್ಕೆ ತಕ್ಕಂತೆ ನಡೆದುಕೊಳ್ಳುವ ಅವಕಾಶವನ್ನೇ ಬೇರೊಬ್ಬರು ಕಸಿದುಕೊಂಡದ್ದರ ನೋವು ಅದು. ಆದರೂ ಮದುವೆ ಮನೆಯ ಸುಳ್ಳಿನಲ್ಲಿ ಲಾಭ ಪಡೆಯುವವಳು ಮದುಮಗಳು. ಕೆಂಪರ್ ಅರೀನಾದ ಮೌನದಿಂದ ಉಳಿದದ್ದು ಕಾರ್ಯಕ್ರಮದ ವೇಳಾಪಟ್ಟಿ.

ಕೆಲಸಗಾರರ ಮಾತು ಬೇರೆ. ಓವನ್‌ನ ಗೆಳೆಯ, ಜೋಡಿ ಪಂದ್ಯಗಳಲ್ಲಿ ಅವನ ಜತೆಗಾರನಾಗಿದ್ದ ಜೆಫ್ ಜ್ಯಾರೆಟ್‌ನ ಪಂದ್ಯವೇ ಮುಂದಿನದು. ಕೆಲವೇ ನಿಮಿಷಗಳಲ್ಲಿ ಅದೇ ರಿಂಗಿಗೆ ಹೋಗಿ ಆಡಿದ. ಬಲವಂತ ಮಾಡಿದರೇ? ಯಾರೂ ಕುತ್ತಿಗೆ ಹಿಡಿದು ನೂಕಿರಲಾರರು. ಆದರೆ ಆ ಕಂಪನಿಯ ಪೈಲ್ವಾನರು ನೌಕರರೂ ಅಲ್ಲ, ಕಾಗದದ ಪ್ರಕಾರ ಸ್ವತಂತ್ರ ಗುತ್ತಿಗೆದಾರರು. ಸಂಘವಿಲ್ಲ. ಪರದೆಯ ಹಿಂದೆ ನಿಂತಿರುವ ಮಾಲೀಕ ವಿನ್ಸ್ ಮೆಕ್‌ಮ್ಯಾನ್ 'ಮುಂದುವರಿಯಲಿ' ಎಂದಮೇಲೆ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟಿರುತ್ತದೆ ಎಂಬುದು ದಿನಗೂಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು.

ಇನ್ನು, 'ಓವನ್ ಇದ್ದಿದ್ದರೆ ಅವನೂ ಆಟ ನಡೆಯಲಿ ಎನ್ನುತ್ತಿದ್ದ' ಎಂಬ ಮಾತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಇದು. ಬದುಕಿದ್ದಾಗ ಅವನ ಬಾಯಿಗೆ ಸಂಭಾಷಣೆ ಬರೆದುಕೊಡುತ್ತಿದ್ದವರು ಸತ್ತ ಮೇಲೂ ಬರೆದುಕೊಟ್ಟರು. ಹೆಂಡತಿ ಮಾರ್ಥಾ ಹಾರ್ಟ್ ಇದನ್ನು ಎಂದೂ ಒಪ್ಪಲಿಲ್ಲ. ಕಂಪನಿಯ ಮೇಲೆ ಮೊಕದ್ದಮೆ ಹೂಡಿದಳು. 2000ದ ನವೆಂಬರ್‌ನಲ್ಲಿ 1.8 ಕೋಟಿ ಡಾಲರಿಗೆ ರಾಜಿಯಾಯಿತು. ಗಂಡನ ಹೆಸರಿನಲ್ಲಿ ದತ್ತಿಸಂಸ್ಥೆ ಕಟ್ಟಿದಳು. ಕಂಪನಿಯ 'ಹಾಲ್ ಆಫ್ ಫೇಮ್'ಗೆ ಓವನ್‌ನನ್ನು ಸೇರಿಸಲು ಇವತ್ತಿಗೂ ಒಪ್ಪಿಲ್ಲ. ಅಭಿಮಾನಿಗಳಲ್ಲಿ ಒಂದು ವರ್ಗ ಅವಳನ್ನು ಹಟಮಾರಿ ಎನ್ನುತ್ತದೆ. ಓವನ್ ನಮಗೂ ಸೇರಿದವನು ಎಂಬುದು ಅವರ ವಾದ. ಆ ಪ್ರೀತಿ ಸುಳ್ಳಲ್ಲ. ಆದರೆ ಅಭಿಮಾನಿಗೆ ಸೇರಿದ್ದು ಬ್ಲೂ ಬ್ಲೇಜರ್. ಮನೆಗೆ ಬರಬೇಕಿದ್ದ ಮನುಷ್ಯ ಬೇರೆ.

ಆ ಪ್ರದರ್ಶನವನ್ನು ಕಂಪನಿ ಕ್ಯಾಸೆಟ್ಟಾಗಿ ಬಿಡುಗಡೆ ಮಾಡಲಿಲ್ಲ. 2014ರಲ್ಲಿ ತನ್ನದೇ ಅಂತರ್ಜಾಲ ವಾಹಿನಿ ಆರಂಭಿಸಿದಾಗ, ಅವಘಡದ ಭಾಗ ಕತ್ತರಿಸಿ, ಮೊದಲಲ್ಲೊಂದು ಶ್ರದ್ಧಾಂಜಲಿ ಸೇರಿಸಿ ಒದಗಿಸಿತು. ಈಗ ಅದನ್ನು ನೋಡಿದರೆ ವಿಚಿತ್ರವೆನಿಸುತ್ತದೆ. ಕೊನೆಯ ಪಂದ್ಯದಲ್ಲಿ ಅಂಡರ್‌ಟೇಕರ್, ಹೆಸರೇ ಹೇಳುವಂತೆ ಹೆಣದ ಉಸ್ತುವಾರಿಯವನ ಪಾತ್ರಧಾರಿ, ಸ್ಟೀವ್ ಆಸ್ಟಿನ್‌ನನ್ನು ಸೋಲಿಸಿ ಬೆಲ್ಟ್ ಎತ್ತುತ್ತಾನೆ. ಜನ ಕೂಗುತ್ತಾರೆ. ತೆರೆಯ ಮೇಲಿನ ಆ ಮುಖಗಳಲ್ಲಿ ಕಪಟವಿಲ್ಲ. ಅವರಿಗೆ ಗೊತ್ತಿಲ್ಲದ್ದು ನೋಡುತ್ತಿರುವ ನಮಗೆ ಗೊತ್ತು, ಪರದೆಯ ಹಿಂದಿದ್ದವರಿಗೂ ಗೊತ್ತಿತ್ತು. ಹಾಗಾಗಿ ಆ ಪಂದ್ಯವನ್ನು ಪ್ರೇಕ್ಷಕನಾಗಿ ನೋಡಲು ಆಗುವುದೇ ಇಲ್ಲ.

2022ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ, ಪ್ರತಿಸ್ಪರ್ಧಿ ಕಂಪನಿ ಎಇಡಬ್ಲ್ಯೂ ಓವನ್ ಹೆಸರಿನಲ್ಲಿ ನಡೆಸಿದ ಪಂದ್ಯಾವಳಿಯ ಅಂತಿಮ ಹಣಾಹಣಿ ನಡೆಯಿತು. ಗೆದ್ದವರಿಗೆ ಪ್ರಶಸ್ತಿ ಕೊಡಲು ಮಾರ್ಥಾ ಬಂದಿದ್ದಳು. ಅದೂ ಒಂದು ಪೇ-ಪರ್-ವ್ಯೂ. ಸೇರಿದ್ದ ಜನ ಓವನ್‌ನ ಹೆಸರು ಕೂಗಿದರು. ಯಾರಿಗಾಗಿ ಕೂಗುತ್ತಿದ್ದೇವೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ತಿಳಿದಿತ್ತು.