ಒಪ್ಪಿದವರನ್ನೂ ತಡೆಯಬಹುದೇ?

ವಿಕಿರಣದ ಅಪಾಯ ತಿಳಿದೂ ಬಾಹ್ಯಾಕಾಶಕ್ಕೆ ಹೊರಟು ನಿಂತವರನ್ನು ತಡೆಯುವ ಹಕ್ಕು, ಅವರನ್ನು ಕಳಿಸುವ ಸಂಸ್ಥೆಗೆ ಇದೆಯೇ? ಇದು ವೈದ್ಯರ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ನೀತಿಶಾಸ್ತ್ರದ ಪ್ರಶ್ನೆ. ಎಷ್ಟು ವಿಕಿರಣ ತಗಲಿತೆಂದು ಉಪಕರಣ ಅಳೆದು ಹೇಳುತ್ತದೆ. ಎಷ್ಟಾದರೆ ಸಾಕೆನ್ನಬೇಕು ಎಂಬುದನ್ನು ಮನುಷ್ಯರೇ ಗೊತ್ತುಮಾಡಬೇಕು.

ನೆಲದ ಮೇಲಿನ ಜೀವಿಗಳಿಗೆ ವಾತಾವರಣವೂ ಭೂಮಿಯ ಕಾಂತಕ್ಷೇತ್ರವೂ ಕೊಡೆ ಹಿಡಿದಿವೆ. ಹಾಗಾಗಿ ನಿಸರ್ಗದಿಂದ ಒಬ್ಬರಿಗೆ ತಗಲುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣದ ಅಳತೆ). ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಷ್ಟು ತಗಲಲು ಒಂದು ವಾರವೂ ಬೇಡ. ಕಾಂತಕ್ಷೇತ್ರ ದಾಟಿ ಚಂದ್ರನತ್ತ ಹೋದವರು ಈ ವಿಕಿರಣವನ್ನು ಕಣ್ಣಾರೆ ಕಂಡಿದ್ದಾರೆ. 1969ರ ಅಪೊಲೊ 11 ಯಾನದಲ್ಲಿ ಬಜ್ ಆಲ್ಡ್ರಿನ್ ಕತ್ತಲಲ್ಲಿ ಬೆಳಕಿನ ಮಿಂಚು ಕಂಡದ್ದಾಗಿ ಹೇಳಿದರು. ಮುಂದಿನ ಯಾನಗಳವರು ಕಣ್ಣು ಮುಚ್ಚಿ ಕುಳಿತು ಅವನ್ನು ಎಣಿಸಿದರು: ಕೆಲವು ನಿಮಿಷಕ್ಕೊಂದರಂತೆ ಒಂದು ಚುಕ್ಕೆ, ಒಂದು ಗೆರೆ. ಸೌರಮಂಡಲದ ಆಚೆಯಿಂದ ಬಂದ ಪರಮಾಣು ನ್ಯೂಕ್ಲಿಯಸ್ ಒಂದು ನೌಕೆಯ ಗೋಡೆಯನ್ನೂ ತಲೆಬುರುಡೆಯನ್ನೂ ತೂರಿ ಅಕ್ಷಿಪಟಲ ಹಾದುಹೋದ ಗುರುತು ಅದು. ಅಂಥದೇ ಕಣ ಮೂಳೆಮಜ್ಜೆಯನ್ನು ಹಾದರೆ ಏನೂ ಕಾಣುವುದಿಲ್ಲ. ಡಿಎನ್ಎ ಎಳೆ ತುಂಡಾಗುತ್ತದೆ; ಜೀವಕೋಶ ಅದನ್ನು ತಪ್ಪಾಗಿ ಬೆಸೆದರೆ ದಶಕಗಳ ಮೇಲೆ ಕ್ಯಾನ್ಸರ್ ತಲೆದೋರಬಹುದು.

ಹೀಗೆ ಅಪಾಯಕ್ಕೆ ಹೊರಟವನನ್ನು ತಡೆಯುವ ಬಗ್ಗೆ ದಾರ್ಶನಿಕ ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಮುರುಕು ಸೇತುವೆಯ ದೃಷ್ಟಾಂತ ಕೊಡುತ್ತಾನೆ. ಸೇತುವೆ ಕುಸಿಯುವುದು ಖಚಿತವೆಂದು ಅರಿಯದೆ ಕಾಲಿಡುವವನನ್ನು ಹಿಡಿದೆಳೆದರೆ ತಪ್ಪಿಲ್ಲ. ಅಪಾಯ ಬರೀ ಸಂಭವವಾಗಿದ್ದರೆ ಎಚ್ಚರಿಸಿ ಸುಮ್ಮನಾಗಬೇಕು, ದಾಟುವುದು ಬಿಡುವುದು ಅವನಿಗೆ ಸೇರಿದ್ದು. ಈ ತರ್ಕ ಹಿಡಿದರೆ ಗಗನಯಾತ್ರಿಗೆ ಅಂಕಿ ತೋರಿಸಿ ಸಹಿ ಪಡೆದರೆ ಮುಗಿಯಿತು.

ಆದರೆ ಸೇತುವೆಯಿಂದ ಬೀಳುವವನು ಆ ಗಳಿಗೆಯಲ್ಲೇ ಬೀಳುತ್ತಾನೆ. ಇಲ್ಲಿ ಒಪ್ಪುವುದು 35ರ ಹರೆಯ, ಅನುಭವಿಸುವುದು 60ರ ದೇಹ ಮತ್ತು ಆಗ ಪಕ್ಕದಲ್ಲಿರುವ ಮನೆಮಂದಿ. ಒಪ್ಪಿಗೆ ಎಷ್ಟು ಮುಕ್ತ ಎಂಬುದೂ ಅನುಮಾನ. ನಾಸಾ 2021ರಲ್ಲಿ ಆರಿಸಿಕೊಂಡದ್ದು 10 ಮಂದಿಯನ್ನು. ಅರ್ಜಿ ಹಾಕಿದವರು 12,000ಕ್ಕೂ ಹೆಚ್ಚು. ಬಾಲ್ಯದಿಂದ ಇದೊಂದಕ್ಕೇ ಕಾದವರು ‘ಅಪಾಯ ಹೆಚ್ಚಾಯಿತು, ನಾನು ಒಲ್ಲೆ’ ಎಂದಾರೇ? ಹಾಗೆಂದವರ ಸೀಟಿಗೆ ಹಿಂದೆಯೇ ಸಾಲು ನಿಂತಿರುತ್ತದೆ.

ಅದಕ್ಕೇ ಸಂಸ್ಥೆ ವಿಕಿರಣಕ್ಕೊಂದು ಮಿತಿ ಹಾಕುತ್ತದೆ; ಆ ಮಿತಿಯ ಹುಟ್ಟೂ ವಿಚಾರಕ್ಕೆ ಹಚ್ಚುವಂಥದ್ದು. ವೃತ್ತಿಜೀವನದ ವಿಕಿರಣದಿಂದ ಕ್ಯಾನ್ಸರ್ ಸಾವಿನ ಸಂಭವ ಶೇ. 3ರಷ್ಟು ಹೆಚ್ಚಿದರೆ ಒಪ್ಪಬಹುದು ಎಂಬ ಅಳತೆ ಅಮೆರಿಕದಲ್ಲಿ 1989ರಲ್ಲಿ ನೆಲೆಗೊಂಡಿತು. ಬೇಸಾಯ, ಕಟ್ಟಡ ಕೆಲಸದಂಥ ಹೆಚ್ಚು ಅಪಾಯದ ಕಸುಬುಗಳಲ್ಲಿ ಅಪಘಾತದಿಂದ ಸಾಯುವವರ ಪ್ರಮಾಣ ಅದಕ್ಕೆ ಆಧಾರ. (ಹೊಲದಲ್ಲಿ ದುಡಿಯುವವರಿಗೆ ಇಂಥ ಮಿತಿಯನ್ನು ಯಾರೂ ಗೊತ್ತುಮಾಡಿಲ್ಲ ಎಂಬುದು ಬೇರೆ ಮಾತು.) ಎಷ್ಟು ವಿಕಿರಣಕ್ಕೆ ಎಷ್ಟು ಕ್ಯಾನ್ಸರ್ ಎಂಬ ಲೆಕ್ಕ ಬಹುಪಾಲು ನಿಂತಿರುವುದು ಹಿರೋಶಿಮಾ, ನಾಗಾಸಾಕಿಗಳಲ್ಲಿ ಬಾಂಬಿಗೆ ಸಿಕ್ಕು ಬದುಕುಳಿದವರ ಮೇಲೆ; 1950ರಿಂದ ಅವರ ಆರೋಗ್ಯವನ್ನು ಗಮನಿಸಲಾಗುತ್ತಿದೆ. ಇಷ್ಟಪಟ್ಟು ಹೊರಟವರ ಅಪಾಯವನ್ನು ಅಳೆಯುತ್ತಿರುವುದು ಯಾರೂ ಇಷ್ಟ ಕೇಳದೆ ಬೆಂದವರ ದೇಹದಿಂದ. ಅಳತೆಯೂ ಪೂರ್ತಿ ಹೊಂದುವುದಿಲ್ಲ: ಅವರಿಗೆ ತಗಲಿದ್ದು ಒಮ್ಮೆಲೇ, ಬಹುಪಾಲು ಗಾಮಾ ಕಿರಣ, ಗಗನಯಾತ್ರಿಗೆ ತಗಲುವುದು ತಿಂಗಳುಗಟ್ಟಲೆ, ಅದರಲ್ಲೂ ಕಬ್ಬಿಣದಂಥ ಭಾರದ ನ್ಯೂಕ್ಲಿಯಸ್‌ಗಳು.

ಈ ಲೆಕ್ಕದಲ್ಲಿ ಹೆಂಗಸರಿಗೆ, ಅದರಲ್ಲೂ ಕಿರಿಯರಿಗೆ, ಅಪಾಯ ಹೆಚ್ಚು. ಅದರಿಂದ ಅವರ ಮಿತಿ ಕಡಿಮೆಯಿತ್ತು, ಹಾರುವ ದಿನಗಳೂ ಕಡಿಮೆಯಾದವು. ರಕ್ಷಣೆಯೇ ಅವಕಾಶವನ್ನು ಕಸಿದಿತ್ತು. 2022ರಲ್ಲಿ ನಾಸಾ ವಯಸ್ಸು, ಲಿಂಗ ನೋಡದೆ ಎಲ್ಲರಿಗೂ ಇಡೀ ವೃತ್ತಿಜೀವನಕ್ಕೆ 600 ಮಿಲಿಸೀವರ್ಟ್ ಎಂದು ಗೊತ್ತುಮಾಡಿತು. 35 ವರ್ಷದ ಹೆಂಗಸಿನ ಅಪಾಯವನ್ನೇ ಎಲ್ಲರ ಅಳತೆಯಾಗಿಸಿದ್ದು ನ್ಯಾಯವಾಗಿಯೇ ತೋರುತ್ತದೆ. ಹೆಚ್ಚು ತಡೆಯಬಲ್ಲ ಹಿರಿಯ ಗಂಡಸರು ಇದರಿಂದ ಯಾನ ಕಳೆದುಕೊಂಡರೂ, ಒಂದು ಗುಂಪಿನ ಸರಾಸರಿ ಆ ಗುಂಪಿನವರಿಗಷ್ಟೇ ಬಾಗಿಲು ಮುಚ್ಚುವುದಿಲ್ಲ.

ಆದರೂ ಮಂಗಳ ಈ ಮಿತಿಯೊಳಗೆ ಸಿಗುವುದಿಲ್ಲ. ಮಂಗಳಕ್ಕೆ ಹೋದ ಕ್ಯೂರಿಯಾಸಿಟಿ ನೌಕೆ 2011–12ರ ಹಾದಿಯಲ್ಲಿ ಅಳೆದಂತೆ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್, ಹೋಗಿಬರುವ ಪಯಣವೊಂದಕ್ಕೇ ಸುಮಾರು 660. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2014ರಲ್ಲಿ ಇದನ್ನೇ ವಿಚಾರ ಮಾಡಿ, ದೂರದ ಯಾನಕ್ಕೆಂದು ಮಿತಿಯನ್ನೇ ಸಡಿಲಿಸುವುದು ಸಲ್ಲದು, ಒಂದೊಂದು ಯಾನವನ್ನು ತೂಗಿ ನೋಡಿ ವಿನಾಯಿತಿ ಕೊಡಬಹುದಷ್ಟೇ ಎಂದಿತು. ಕಳಿಸಿದವರ ಹೊಣೆ ಯಾತ್ರಿ ನೆಲಕ್ಕಿಳಿದ ಮೇಲೂ ಉಳಿಯುತ್ತದೆ ಎಂದೂ ಹೇಳಿತು. ಯಾನದಿಂದ ಬಂದ ಕಾಯಿಲೆಗೆ ನಿವೃತ್ತ ಗಗನಯಾತ್ರಿಗಳಿಗೂ ನಾಸಾ ಚಿಕಿತ್ಸೆ ಕೊಡಲು ದಾರಿ ಮಾಡಿದ ಕಾನೂನು 2017ರಲ್ಲಿ ಬಂತು. ಕಂಪನಿಯ ನೌಕೆಯಲ್ಲಿ ದುಡ್ಡು ಕೊಟ್ಟು ಹೋಗುವವರಿಗೆ ಅದು ಅನ್ವಯಿಸುವುದಿಲ್ಲ. ಅವರ ವಿಷಯದಲ್ಲಿ 2004ರ ಅಮೆರಿಕದ ಕಾನೂನು ಕೇಳುವುದು ಅಪಾಯ ತಿಳಿಸಿ ಪಡೆದ ಲಿಖಿತ ಒಪ್ಪಿಗೆಯನ್ನು. ಮಿಲ್‌ನ ಸೇತುವೆ ಅಲ್ಲಿ ಹಾಗೇ ಇದೆ.